ಸಾಹಿಬ್‌ದೀನ್ ರಾಮಾಯಣದ ಚಿತ್ರ ಬರೆದದ್ದು ಭಕ್ತಿಗೋ, ಸಂಬಳಕ್ಕೋ?

ಬಿಡಿಹಾಳೆ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಹೈಸ್ಕೂಲಿಗೆ ಕನ್ನಡ ಪಾಠ ಮಾಡುವವಳು. ಚಿತ್ರಕಲೆ ಓದಿದವಳಲ್ಲ.

ಮೇವಾಡದ ರಾಮಾಯಣ ಅಂತ ಒಂದು ಹಸ್ತಪ್ರತಿ ಇದೆ. ಉದಯಪುರದ ರಾಣಾ ಜಗತ್ ಸಿಂಗ್ ಬರೆಸಿದ್ದು. 1649ರಿಂದ 1653ರವರೆಗೆ ತಯಾರಾಯಿತು. ನಾನೂರಕ್ಕೂ ಹೆಚ್ಚು ಚಿತ್ರಗಳಿವೆ. ಅದರ ಹಾಳೆಗಳು ಲಂಡನ್, ಮುಂಬೈ, ಜೋಧಪುರ ಅಂತ ದಿಕ್ಕಾಪಾಲಾಗಿದ್ದವು. 2014ರಲ್ಲಿ ಬ್ರಿಟಿಷ್ ಲೈಬ್ರರಿಯವರೂ ಮುಂಬೈನ ಛತ್ರಪತಿ ಶಿವಾಜಿ ವಸ್ತು ಸಂಗ್ರಹಾಲಯದವರೂ ಸೇರಿ ಇಂಟರ್ನೆಟ್‌ನಲ್ಲಿ ಅವನ್ನು ಒಟ್ಟಿಗೆ ನೋಡುವ ಹಾಗೆ ಮಾಡಿದರು. ನಾನು ಅದರ ಕೆಲವು ಚಿತ್ರ ಇಳಿಸಿಕೊಂಡಿದ್ದೆ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ತೋರಿಸಿದೆ.

ತೋರಿಸುತ್ತಾ ಯಾರು ಏನು ಮಾಡಿದರು ಅಂತ ಹೇಳಿದೆ. ಕಾವ್ಯ ವಾಲ್ಮೀಕಿಯದು. ಅಕ್ಷರ ಬರೆದವರು ಮಹಾತ್ಮ ಹೀರಾನಂದ, ಜೈನರು. ಅಯೋಧ್ಯಾಕಾಂಡ, ಯುದ್ಧಕಾಂಡದ ಚಿತ್ರಗಳು ಸಾಹಿಬ್‌ದೀನನವು, ಅವನು ಮುಸ್ಲಿಂ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, 'ಮಿಸ್, ಅವನಿಗೆ ರಾಮನ ಮೇಲೆ ಭಕ್ತಿ ಇತ್ತಾ?' ಅಂದಳು. 'ನಾಳೆ ಹೇಳ್ತೀನಿ' ಅಂತ ಜಾರಿಕೊಂಡೆ.

ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಬ್ಬರು 'ಸಂಬಳ ಕೊಟ್ಟರು, ಬರೆದ, ಮುಗೀತು' ಅಂದರು. ಇನ್ನೊಬ್ಬರು 'ಇದೇ ಅಲ್ವಾ ಭಾವೈಕ್ಯ? ಪ್ರಬಂಧ ಸ್ಪರ್ಧೆಗೆ ಇದೇ ವಿಷಯ ಕೊಡಿ' ಅಂದರು. ಎರಡೂ ನನಗೆ ಗಂಟಲಲ್ಲಿ ಇಳಿಯಲಿಲ್ಲ. ಬಲ್ಲವರು ಇದ್ದರೆ ಹೇಳಿ. ಇಂಥ ಬೇರೆ ಉದಾಹರಣೆ ಇದ್ದರೂ ತಿಳಿಸಿ.

ಹಳೇಪೇಟೆ:

ಮೇಡಂ, ನನ್ನ ಓಟು ನಿಮ್ಮ ಮೊದಲನೇ ಸಹೋದ್ಯೋಗಿಗೆ. ಅದೂ ಅರ್ಧ ಓಟು.

ಚಿತ್ರಕಾರನಿಗಿಂತ ಮುಂಚೆ ದುಡ್ಡು ಕೊಟ್ಟವನನ್ನು ನೋಡಬೇಕು. ಮೇವಾಡದ ರಾಣಾಗಳು ತಾವು ಸೂರ್ಯವಂಶದವರು, ರಾಮನ ಕುಲದವರು ಅಂತ ಹೇಳಿಕೊಳ್ಳುವವರು. ಅದೇ ಮನೆತನ 1615ರಲ್ಲಿ ಜಹಾಂಗೀರನ ಜೊತೆ ರಾಜಿಗೆ ಬರಬೇಕಾಯಿತು. ಚಿತ್ತೋಡ್ ಕೋಟೆ ರಿಪೇರಿ ಮಾಡಕೂಡದು ಅನ್ನುವ ಷರತ್ತು ಬೇರೆ. ಜಗತ್ ಸಿಂಗ್ ಏನು ಮಾಡಿದ ನೋಡಿ. ಉದಯಪುರದಲ್ಲಿ ಜಗದೀಶ ದೇವಸ್ಥಾನ ಕಟ್ಟಿಸಿದ. ಷರತ್ತು ಮೀರಿ ಚಿತ್ತೋಡಿನ ಗೋಡೆಗೂ ಕೈ ಹಾಕಿದ. ರಾಮಾಯಣ ಬರೆಸಿದ. ಎಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಅವನಿಗೆ ಭಕ್ತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಪಾಲಿಗೆ ರಾಮಾಯಣ ಅಂದರೆ ಮನೆತನದ ಚರಿತ್ರೆ ಕೂಡ. ಗೋಡೆಯನ್ನು ಆಮೇಲೆ 1654ರಲ್ಲಿ ಷಾಜಹಾನ್ ಸೈನ್ಯ ಕಳಿಸಿ ಕೆಡವಿಸಿದ. ಪುಸ್ತಕ ಉಳಿಯಿತು.

ಇನ್ನು ಭಾವೈಕ್ಯದ ಪ್ರಬಂಧಕ್ಕೆ ಮುಂಚೆ ಬದಾಯೂನಿಯನ್ನೂ ನೆನೆಯಿರಿ. ಅಕ್ಬರ್ 1582ರಲ್ಲಿ ಮಹಾಭಾರತವನ್ನು ಪರ್ಷಿಯನ್ ಭಾಷೆಗೆ ತರಿಸಲು ಶುರು ಮಾಡಿದ. ಅದೇ ರಜ್ಮ್‌ನಾಮಾ. ಪಂಡಿತರು ಅರ್ಥ ಬಿಡಿಸಿ ಹೇಳಬೇಕು, ನಕೀಬ್ ಖಾನ್ ಮೊದಲಾದವರು ಪರ್ಷಿಯನ್‌ನಲ್ಲಿ ಬರೆಯಬೇಕು. ಆ ಗುಂಪಿನಲ್ಲಿ ಬದಾಯೂನಿಯೂ ಇದ್ದ. ಮತದ ವಿಷಯದಲ್ಲಿ ಬಹಳ ಬಿಗಿ ಮನುಷ್ಯ. ಗೊಣಗಿಕೊಂಡೇ ಮಾಡಿದ. 'ನನ್ನ ಹಣೆಬರಹ' ಅನ್ನುವ ಧಾಟಿಯಲ್ಲಿ ತಾನು ಗುಟ್ಟಾಗಿ ಬರೆದಿಟ್ಟ ಚರಿತ್ರೆಯಲ್ಲಿ ತೋಡಿಕೊಂಡ. ಅಷ್ಟಕ್ಕೇ ಬಿಡಲಿಲ್ಲ, ರಾಮಾಯಣದ ಅನುವಾದವೂ ಅವನ ತಲೆಗೇ ಬಂತು. ಅದಕ್ಕೆ ನಾಲ್ಕು ವರ್ಷ. ಮಜಾ ಅಂದರೆ ಪರ್ಷಿಯನ್ ರಾಮಾಯಣದ ಒಂದು ಚಿತ್ರಪ್ರತಿಯನ್ನು ಅಕ್ಬರನ ತಾಯಿ ಹಮೀದಾ ಬಾನು ಬೇಗಮ್ ತನ್ನ ಸ್ವಂತಕ್ಕೆ ಇಟ್ಟುಕೊಂಡಿದ್ದರು. 1594ರ ಆ ಪ್ರತಿ ಈಗ ದೋಹಾದ ಇಸ್ಲಾಮಿಕ್ ಕಲಾ ಮ್ಯೂಸಿಯಂನಲ್ಲಿದೆ.

ಅಂದರೆ ಒಂದೇ ಅರಮನೆಯಲ್ಲಿ ಒಬ್ಬನಿಗೆ ಅದು ಶಿಕ್ಷೆ, ಇನ್ನೊಬ್ಬರಿಗೆ ಬೇಕಾದ ಪುಸ್ತಕ. 'ಮುಸ್ಲಿಂ ಆಸ್ಥಾನ ರಾಮಾಯಣವನ್ನು ಹೀಗೆ ಕಂಡಿತು' ಅಂತ ಒಟ್ಟಾರೆ ಹೇಳೋಕಾಗಲ್ಲ.

ಬೀಟೆಮರ:

ನಾನು ಮೈಸೂರಿನವನು. ಬೀಟೆ ಮರದ ಮೇಲೆ ಇನ್ಲೇ ಕೆಲಸ ಮಾಡುತ್ತೇನೆ. ಅಬ್ಬಾ ಇದನ್ನೇ ಮಾಡಿದ್ದು, ಅವರ ಅಬ್ಬಾನೂ ಇದನ್ನೇ. ಮಂಡಿ ಮೊಹಲ್ಲಾ ಕಡೆ ಓಡಾಡಿದವರಿಗೆ ಗೊತ್ತಿರುತ್ತೆ, ಈ ಕೆಲಸದಲ್ಲಿ ನಮ್ಮವರೇ ಜಾಸ್ತಿ. ನಾವು ಮಾಡೋದು ಏನು? ದಸರಾ ಅಂಬಾರಿ, ಚಾಮುಂಡಿ, ರಾಧಾಕೃಷ್ಣ, ಗೀತೋಪದೇಶ. ಹಾಗಾಗಿ ನಿಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನನಗೆ ಹೊಸದೇನಲ್ಲ. ಬಸ್ಸಿನಲ್ಲಿ ಬಂದಿಳಿಯುವ ಪ್ರವಾಸಿಗಳು ನನ್ನ ಟೋಪಿ ನೋಡುತ್ತಾರೆ, ಕೈಯಲ್ಲಿರೋ ಕೃಷ್ಣನ್ನ ನೋಡುತ್ತಾರೆ, ಆಮೇಲೆ ಇದನ್ನೇ ಕೇಳುತ್ತಾರೆ. ಎದುರಿಗಿರುವ ಮನುಷ್ಯನನ್ನು ಕೇಳುವುದು ಸುಲಭ. ಸಾಹಿಬ್‌ದೀನನ ವಿಷಯದಲ್ಲಿ ಅವನ ಕೈಕೆಲಸವನ್ನೇ ಕೇಳಬೇಕು.

ಮೊದಲು ಭಕ್ತಿ ಅನ್ನುವವರಿಗೆ ಒಂದು ಮಾತು. ನಾವು ಕೃಷ್ಣನ ಮುಖವನ್ನು ಕಡೆಗೆ ಕೂರಿಸುತ್ತೇವೆ. ಬೀಟೆ ಹಲಗೆಯಲ್ಲಿ ಗುಳಿ ತೋಡಿ, ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಒಂದೊಂದೇ ಅಂಟಿಸಿ, ಉಪ್ಪುಕಾಗದದಲ್ಲಿ ಉಜ್ಜುತ್ತೇವೆ. ಪಂಚೆಗೆ ಹಲಸಿನ ಮರ, ಹಳದಿ ಚೆನ್ನಾಗಿ ಬರುತ್ತೆ. ಮುಖಕ್ಕೆ ತೀರಾ ಬಿಳುಪಾದ ಮರ, ಉಗುರಿನಷ್ಟು ತುಂಡು. ಒಬ್ಬ ಗೈಡ್ ಇದ್ದ. 'ನೋಡಿ, ದೇವರ ಮುಖ ಅಂತ ಭಕ್ತಿಯಿಂದ ಕಡೆಗೆ ಇಡ್ತಾರೆ' ಅಂತ ಜನರಿಗೆ ಹೇಳೋನು. ನಾನು ಸುಮ್ನೆ ನಗುತ್ತಿದ್ದೆ. ಅಸಲು ವಿಷಯ ಏನಂದರೆ ಬೀಟೆ ಉಜ್ಜಿದಾಗ ಏಳುವ ಕಪ್ಪು ಪುಡಿ ಬಿಳಿ ಮರದೊಳಗೆ ಇಳಿದರೆ ಬರೋದೇ ಇಲ್ಲ. ಮುಖ ಮಸಿ ಬಳಿದ ಹಾಗಾಗುತ್ತೆ. ಅದಕ್ಕೇ ಸುತ್ತಲಿನ ಹಲಗೆ ಉಜ್ಜಿ ಮುಗಿಸಿದ ಮೇಲೆ ಮುಖ.

ಈಗ ಸಂಬಳ ಅನ್ನುವವರಿಗೆ. ಒಂದು ಸಲ ಶೋರೂಮಿನಿಂದ ಗೀತೋಪದೇಶದ ಹೊಸ ನಕ್ಷೆ ಬಂತು. ಚೆನ್ನಾಗಿತ್ತು. ಅರ್ಜುನ ಕೈಮುಗಿದು ಕೂತಿದ್ದಾನೆ, ಹೆಗಲಲ್ಲಿ ಬಿಲ್ಲು. ಅಬ್ಬಾ ಅದನ್ನು ಹಲಗೆಗೆ ಅಂಟಿಸಲು ಬಿಡಲಿಲ್ಲ. 'ಬಿಲ್ಲು ಕೆಳಗೆ ಹಾಕಿ ಕೂತ ಮೇಲಲ್ವಾ ಕೃಷ್ಣ ಮಾತಾಡಿದ್ದು?' ಅಂದರು. ಪೆನ್ಸಿಲ್ ತಗೊಂಡು ಹೆಗಲಿನ ಬಿಲ್ಲು ಅಳಿಸಿ, ರಥದಲ್ಲಿ ಅವನ ಕಾಲ ಹತ್ತಿರ ಬರೆದರು. ಬಿಲ್ಲಿನ ಜಾಗ ಬದಲಾದ ಮೇಲೆ ರಥದ ಚಕ್ರವನ್ನೂ ಸರಿಸಬೇಕಾಯಿತು. ಒಂದು ದಿನದ ಕೆಲಸ ಹಾಳು. ಗಿರಾಕಿಗಳು ಯಾರೂ ಅದನ್ನು ಗಮನಿಸಲಿಲ್ಲ. ಶೋರೂಮಿನವರು ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಅಬ್ಬಾ ಐದು ಹೊತ್ತು ನಮಾಜು ಬಿಡದವರು. ಪೂಜೆ ಮಾಡಿದವರಲ್ಲ. ಕಥೆ ತಪ್ಪಬಾರದು, ಅಷ್ಟೇ. ಇದನ್ನು ಭಕ್ತಿ ಅನ್ನಬೇಕೋ ಏನನ್ನಬೇಕೋ ನೀವೇ ಹೇಳಿ. ದುಡ್ಡಿನ ಲೆಕ್ಕದಲ್ಲಂತೂ ಅದು ಬರಲ್ಲ.

ಅದಕ್ಕೇ ನಾನು ಸಾಹಿಬ್‌ದೀನನ ಹಾಳೆಗಳಲ್ಲಿ ಅಂಥ ಜಾಗ ಹುಡುಕುತ್ತೇನೆ. ಯುದ್ಧಕಾಂಡ 1652ರದ್ದು. ಅದರಲ್ಲಿ ಇಂದ್ರಜಿತು ಸರ್ಪಬಾಣದಿಂದ ರಾಮಲಕ್ಷ್ಮಣರನ್ನು ಕಟ್ಟಿಹಾಕುವ ಹಾಳೆ ಇದೆ. ದೊಡ್ಡದು ಮಾಡಿಕೊಂಡು ನೋಡಿ. ಅಣ್ಣತಮ್ಮ ನೆಲದ ಮೇಲೆ ಬಿದ್ದಿದ್ದಾರೆ. ಸುತ್ತ ಕಪಿಗಳು ದಿಕ್ಕು ತೋಚದೆ ಕೂತಿವೆ. ಬೇರೆ ಯಾರಾದರೂ ಆಗಿದ್ದರೆ ಇಷ್ಟಕ್ಕೆ ಚಿತ್ರ ಮುಗಿಸಿ ಕೈತೊಳೆದುಕೊಳ್ಳಬಹುದಿತ್ತು. ಇವನು ಬಿಡುವುದಿಲ್ಲ. ಇಂದ್ರಜಿತು ಅದೇ ಹಾಳೆಯಲ್ಲಿ ಇನ್ನೊಂದು ಕಡೆ ಅರಮನೆಯೊಳಗೆ ಅಪ್ಪನಿಗೆ ಸುದ್ದಿ ಹೇಳುತ್ತಿದ್ದಾನೆ. ರಾವಣ ತ್ರಿಜಟೆಗೆ ಅಪ್ಪಣೆ ಕೊಡುತ್ತಿದ್ದಾನೆ. ಆಮೇಲೆ ಪುಷ್ಪಕದಲ್ಲಿ ಸೀತೆ, ಜೊತೆಗೆ ತ್ರಿಜಟೆ, ಯುದ್ಧಭೂಮಿಯ ಮೇಲೆ ಬಂದು ಕೆಳಗೆ ಬಿದ್ದಿರುವ ಗಂಡನನ್ನು ನೋಡುತ್ತಿದ್ದಾಳೆ. ವಾಲ್ಮೀಕಿಯಲ್ಲಿ ಹಲವು ಸರ್ಗ ಹಿಡಿಯುವ ಕಥೆ ಒಂದೇ ಹಾಳೆಯಲ್ಲಿ, ಅನುಕ್ರಮ ತಪ್ಪದೆ. ಎಲ್ಲಿಂದ ಶುರು ಮಾಡಬೇಕು, ಕಣ್ಣು ಯಾವ ಕಡೆ ತಿರುಗಬೇಕು ಅನ್ನೋದನ್ನೆಲ್ಲ ಅವನು ಕೂತು ಯೋಚಿಸಿದ್ದಾನೆ. ಆ ಪುಷ್ಪಕ ಮೇಲೆ ಬಂದಿರೋದರಿಂದಲೇ ಸೀತೆಗೆ ಕಾಣುವುದು ನಮಗೂ ಕಾಣುತ್ತೆ. ಕಥೆ ಅರ್ಧಂಬರ್ಧ ಕೇಳಿದವನ ಕೆಲಸ ಅಲ್ಲ ಅದು.

ಮತ್ತೆ ಇವನು ಒಂದು ಪುಸ್ತಕ ಮಾಡಿ ಹೋದವನೂ ಅಲ್ಲ. 1628ರಲ್ಲಿ ರಾಗಮಾಲೆ (ಒಂದೊಂದು ರಾಗಕ್ಕೆ ಒಂದೊಂದು ಚಿತ್ರ), 1629ರಲ್ಲಿ ಗೀತಗೋವಿಂದ, 1648ರಲ್ಲಿ ಭಾಗವತ (ಅದು ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿದೆ), ಆಮೇಲೆ ರಾಮಾಯಣ. ಕಾಲು ಶತಮಾನ ಕೃಷ್ಣನ, ರಾಮನ ಕಥೆಗಳ ಮಧ್ಯೆಯೇ ಕೂತಿದ್ದ ಕೈ. ಮನಸ್ಸಿಗೆ ಏನೂ ಅಂಟದೆ ಅಷ್ಟು ವರ್ಷ ಕಳೆಯೋಕಾಗಲ್ಲ ಅನ್ನೋದು ನನ್ನ ಅನುಭವ.

ಇನ್ನೊಂದು. 'ಯಾರ ಭಕ್ತಿ' ಅಂತ ಕೇಳುವಾಗ ಒಬ್ಬನೇ ಕೂತು ಬರೆದ ಅನ್ನೋ ಹಾಗೆ ಕೇಳುತ್ತೇವೆ. ಕಾರ್ಖಾನೆಯ ಕೆಲಸ ಹಾಗಿರಲ್ಲ. ಹಳೇಪೇಟೆ ಅವರು ಹೇಳಿದ ರಜ್ಮ್‌ನಾಮಾ ಪ್ರತಿ ಜೈಪುರದಲ್ಲಿದೆ. ಅದರ ಚಿತ್ರಗಳ ಕೆಳಗೆ ಗುಮಾಸ್ತರು ಹೆಸರು ಬರೆದಿಟ್ಟಿದ್ದಾರೆ. ರೇಖೆ ಹಾಕಿದವನು ಒಬ್ಬ, ಬಣ್ಣ ತುಂಬಿದವನು ಇನ್ನೊಬ್ಬ. ರೇಖೆ ಹಾಕಿದವರಲ್ಲಿ ದಸವಂತ ಅಂತ ಒಬ್ಬ, ಪಲ್ಲಕ್ಕಿ ಹೊರುವವರ ಮಗ, ಬಹಳ ದೊಡ್ಡ ಕೈ. ಅವನು ಹಾಕಿದ ರೇಖೆಯೊಳಗೆ ಬೇರೆಯವರು ಬಣ್ಣ ತುಂಬಿದರು. ನಮ್ಮಲ್ಲೂ ಅಷ್ಟೇ. ನಕ್ಷೆ ಬರೆಯುವವರು ಒಬ್ಬರು, ಕೊಯ್ಯುವವನು ನಾನು, ಪಾಲಿಶ್ ಹುಡುಗ ಮತ್ತೊಬ್ಬ. ಮೇವಾಡದ ರಾಮಾಯಣವೂ ಮೂರು ಕೈಗಳ ಕೆಲಸ. ಬಾಲಕಾಂಡ ಮನೋಹರನದು. ಕಿಷ್ಕಿಂಧಾಕಾಂಡದ ಚಿತ್ರಕಾರನ ಹೆಸರಿಲ್ಲ, ಆದರೆ ಅವನ ಶೈಲಿಯಲ್ಲಿ ನಮ್ಮ ದಖ್ಖನದ ಛಾಯೆ ಇದೆ. ಆನೆಗೊಂದಿಯವರು ಕಿಷ್ಕಿಂಧೆ ನಮ್ಮದೇ ಅನ್ನುತ್ತಾರಲ್ಲ, ಅವರಿಗೆ ಇದನ್ನು ಹೇಳಿದರೆ ಖುಷಿಪಟ್ಟಾರು!

ಗೋಳಗುಮ್ಮಟದ ನೆರಳು:

ದಖ್ಖನ ಅಂದ ಮೇಲೆ ವಿಜಯಪುರದವರು ಸುಮ್ಮನಿರೋದು ಹೆಂಗೆ?

ಬೀಟೆಮರ ಸಾಹೇಬರ ಮಾತು ಕೆಲಸಗಾರನ ಕಡೆಯಿಂದ ಸರಿ. ಆದರೆ ದುಡ್ಡು ಕೊಟ್ಟವನೇ ಬೇರೆ ಮತದ ದೇವಿಗೆ ಮನಸ್ಸು ಕೊಟ್ಟ ಉದಾಹರಣೆ ನಮ್ಮೂರಿನಲ್ಲಿದೆ. ಎರಡನೇ ಇಬ್ರಾಹಿಂ ಆದಿಲ್ ಶಾಹ, ಆಳಿದ್ದು 1580ರಿಂದ 1627. ದಖನಿ ಭಾಷೆಯಲ್ಲಿ, ಅಂದರೆ ನಮ್ಮ ಕಡೆಯ ಹಳೇ ಉರ್ದುವಿನಲ್ಲಿ, 'ಕಿತಾಬ್-ಎ-ನೌರಸ್' ಅಂತ ಹಾಡಿನ ಪುಸ್ತಕ ಬರೆದ. ರಾಗ ಹೆಸರಿಸಿ ಬರೆದ 59 ಹಾಡು ಅದರಲ್ಲಿವೆ. ಸರಸ್ವತಿಯನ್ನು ಕರೆಯುತ್ತಾನೆ, ಗಣಪತಿಯನ್ನು ಕರೆಯುತ್ತಾನೆ. ಅದೇ ಪುಸ್ತಕದಲ್ಲಿ ಪೈಗಂಬರರ ಸ್ತುತಿ ಇದೆ, ಕಲಬುರಗಿಯ ಬಂದೇನವಾಜ್ ಗೇಸುದರಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಮೋತಿಖಾನ್ ಅಂತ ಹೆಸರಿಟ್ಟು ಅದರ ಮೇಲೂ ಹಾಡು ಕಟ್ಟಿದ ಆಸಾಮಿ. ಜನ ಅವನನ್ನು ಜಗದ್ಗುರು ಬಾದಶಾಹ ಅಂತಲೇ ಕರೆದರು.

ಈಗ ಚಿತ್ರಕ್ಕೆ ಬರುತ್ತೇನೆ. 1604ರ ಸುಮಾರಿಗೆ ಫರ್ರುಖ್ ಹುಸೇನ್ ಅನ್ನುವ ಚಿತ್ರಕಾರ ಬಿಜಾಪುರದಲ್ಲಿ ಒಂದು ಸರಸ್ವತಿ ಬರೆದ. ಅವನು ಇರಾನ್ ಕಡೆಯವನು. ವೀಣೆ ಹಿಡಿದು ಸಿಂಹಾಸನದ ಮೇಲೆ ಕೂತ ದೇವಿ, ಜೊತೆಗೆ ನವಿಲು. ಸಿಂಹಾಸನ ನೋಡಿದರೆ ಸುಲ್ತಾನನದ್ದೇ ಇರಬೇಕು ಅನ್ನಿಸುತ್ತೆ, ಅಷ್ಟು ಚಿನ್ನದ ಕೆಲಸ. ಅದರ ಮೇಲೆ ಒಂದು ಬರಹ ಇದೆ. ಇಬ್ರಾಹಿಮನ ತಂದೆ ಗುರು ಗಣಪತಿ, ತಾಯಿ ಪವಿತ್ರ ಸರಸ್ವತಿ ಅಂತ. ಸುಲ್ತಾನನ ಹೆಸರಿನಲ್ಲಿ, ಅವನ ಆಸ್ಥಾನದಲ್ಲೇ, ಅವನು ಬದುಕಿರುವಾಗಲೇ ಬರೆದದ್ದು. ಚಿತ್ರ ಈಗ ಜೈಪುರದ ಸಿಟಿ ಪ್ಯಾಲೇಸ್ ಸಂಗ್ರಹದಲ್ಲಿದೆ. ನಮ್ಮೂರಿನಲ್ಲಿ ಇಲ್ಲ ಅನ್ನೋದು ನನ್ನ ಹೊಟ್ಟೆಯುರಿ.

ಹಳೇಪೇಟೆಯವರು ಇದನ್ನೂ ರಾಜಕೀಯ ಅನ್ನಬಹುದು. ಹಿಂದೂ ಪ್ರಜೆಗಳ ಮನಸ್ಸು ಗೆಲ್ಲೋಕೆ ಅಂತ. ಹಾಗಿದ್ದರೆ ಪ್ರಜೆಗಳು ನೋಡುವ ಜಾಗದಲ್ಲಿ ಇಡಬೇಕಿತ್ತಲ್ಲ? ಅಂಗೈ ಮೇಲೆ ಇಟ್ಟುಕೊಂಡು ನೋಡುವಂಥ ಸಣ್ಣ ಹಾಳೆ ಅದು. ಅರಮನೆಯೊಳಗೆ ನಾಲ್ಕು ಜನ ನೋಡಿದರೆ ಹೆಚ್ಚು.

ಅವನಿಗಿಂತ ಮುಂಚಿನ ಅಲಿ ಆದಿಲ್ ಶಾಹನ ಕಾಲದ್ದು ಇನ್ನೂ ವಿಚಿತ್ರ. 1570ರ 'ನುಜೂಮ್-ಅಲ್-ಉಲೂಮ್', ನಕ್ಷತ್ರ, ಮಂತ್ರ, ಆಯುಧ, ಕುದುರೆ ಎಲ್ಲ ಸೇರಿದ ಪುಸ್ತಕ. ಅದರೊಳಗೆ ಸಾಲುಸಾಲು ದೇವಿಯರ ಚಿತ್ರ, ಅವರನ್ನು ಒಲಿಸಿಕೊಳ್ಳುವ ಬಗೆಯೂ ಇದೆ. ಡಬ್ಲಿನ್ನಿನ ಚೆಸ್ಟರ್ ಬೀಟಿ ಲೈಬ್ರರಿಯಲ್ಲಿದೆ. ಅದನ್ನು ಭಕ್ತಿ ಅಂತ ನಾನು ಕರೆಯಲ್ಲ. ಯುದ್ಧ ಗೆಲ್ಲೋಕೆ ಯಾವ ದೇವಿಯಾದರೂ ಸರಿ ಅನ್ನೋ ಲೆಕ್ಕಾಚಾರ. ಆದ್ದರಿಂದ ಅಲಿಯ ದೇವಿಯರನ್ನೂ ಇಬ್ರಾಹಿಮನ ಸರಸ್ವತಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಹಳೇಪೇಟೆ:

ಸಣ್ಣ ಹಾಳೆಯ ವಾದ ಚೆನ್ನಾಗಿದೆ. ಇಬ್ರಾಹಿಮನ ಮಟ್ಟಿಗೆ ಒಪ್ಪಿದೆ. ಉಳಿದರ್ಧ ಓಟು ಇನ್ನೂ ನನ್ನ ಜೇಬಿನಲ್ಲೇ ಇದೆ.

ಬಿಡಿಹಾಳೆ:

ಬೀಟೆಮರ ಸರ್, ಬಿಲ್ಲಿನ ಕಥೆ ಓದಿ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. 'ಸಂಬಳ' ಅಂದವರು ಸುಮ್ಮನಾದರು. ಭಾವೈಕ್ಯದವರು 'ನೋಡಿ, ನಾನು ಹೇಳಲಿಲ್ವಾ' ಅಂದರು. ಅದು ಬೇರೆ ಕಾಟ.

ಒಂದು ಅನುಮಾನ. ಮೂಲ ಸಂಸ್ಕೃತದಲ್ಲಿದೆ. ಸಾಹಿಬ್‌ದೀನನಿಗೆ ಅಷ್ಟು ವಿವರ ಹೇಗೆ ಸಿಕ್ಕಿತು?

ಬೀಟೆಮರ:

ಹಾಳೆಯ ಒಂದು ಮಗ್ಗುಲಲ್ಲಿ ಹೀರಾನಂದರ ಅಕ್ಷರ, ಇನ್ನೊಂದು ಮಗ್ಗುಲಲ್ಲಿ ಚಿತ್ರ. ಅಡ್ಡಡ್ಡ ಉದ್ದನೆಯ ಬಿಡಿ ಹಾಳೆ, ತಾಳೆಗರಿ ಕಟ್ಟಿನ ರೂಪದ್ದು. ಅಂದರೆ ಕೈಬರಹ ಮತ್ತು ಚಿತ್ರ ಒಂದೇ ಹಾಳೆಯ ಮೇಲೆ ಬೆನ್ನಿಗೆ ಬೆನ್ನು ಕೊಟ್ಟಿವೆ. ಯಾರೋ ಶ್ಲೋಕ ಓದಿ ಅರ್ಥ ಹೇಳಿರಬೇಕು, ಇವನು ಕೇಳಿಸಿಕೊಂಡು ಮತ್ತೆ ಮತ್ತೆ ಕೇಳಿರಬೇಕು. ಇದು ನನ್ನ ಊಹೆ. ಆದರೆ ಕೆಲಸಗಾರನ ಊಹೆ. ಅಬ್ಬಾ ಗೀತೆ ಓದಿದವರಲ್ಲ. ಹಳೇ ಅಗ್ರಹಾರದ ಒಬ್ಬ ಮೇಷ್ಟ್ರು ಅಂಗಡಿಗೆ ಬಂದು ಕಟ್ಟೆ ಮೇಲೆ ಕೂತು ಕಥೆ ಹೇಳುತ್ತಿದ್ದರು. ಅಬ್ಬಾ ಗರಗಸ ನಿಲ್ಲಿಸದೆಯೇ 'ಆಮೇಲೆ?' ಅನ್ನೋರು.

ಪಿಂಛಿ:

ಜೈನರ ಮಾತು ಬಂದದ್ದಕ್ಕೆ ಒಂದು ಸೇರಿಸುತ್ತೇನೆ. ನಮ್ಮ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿರುವ ಧವಲಾ ಅನ್ನುವ ಜೈನ ಗ್ರಂಥದ ತಾಳೆಗರಿಗಳಲ್ಲಿ 12ನೇ ಶತಮಾನದ ಚಿತ್ರಗಳಿವೆ ಅನ್ನೋದು ಇಲ್ಲಿ ಅನೇಕರಿಗೆ ಗೊತ್ತು. ನಾನು ಹೇಳಹೊರಟಿದ್ದು ಆಗ್ರಾದ್ದು. 1610ರಲ್ಲಿ ಅಲ್ಲಿನ ಜೈನ ಸಂಘದವರು ತಮ್ಮ ಆಚಾರ್ಯರಾದ ವಿಜಯಸೇನ ಸೂರಿಗಳಿಗೆ ಒಂದು ವಿಜ್ಞಪ್ತಿ ಪತ್ರ, ಅಂದರೆ ಚಿತ್ರ ಬರೆಸಿದ ಬಿನ್ನಹದ ಓಲೆ, ಕಳಿಸಿದರು. ಉದ್ದನೆಯ ಸುರುಳಿ. ಜೈನರ ವ್ರತದ ಹಬ್ಬವಾದ ಪರ್ಯೂಷಣದ ದಿನಗಳಲ್ಲಿ ಪ್ರಾಣಿಹತ್ಯೆ ಮಾಡಬಾರದು ಅಂತ ಜಹಾಂಗೀರ್ ಫರ್ಮಾನು ಕೊಟ್ಟಿದ್ದ. ಆ ಖುಷಿಯ ಸುದ್ದಿಯನ್ನು ಚಿತ್ರದಲ್ಲೇ ತೋರಿಸಿದ್ದಾರೆ. ದರ್ಬಾರು, ಬಾದಶಾಹ, ಜೈನ ಮುನಿಗಳು, ಬೀದಿಯಲ್ಲಿ ಸಂಭ್ರಮ. ಬರೆದವನು ಬಾದಶಾಹನ ಚಿತ್ರಕಾರ ಉಸ್ತಾದ್ ಶಾಲಿವಾಹನ. ಅವನು ತಾನು ಕಣ್ಣಾರೆ ನೋಡಿದ್ದನ್ನೇ ಬರೆದ ಅಂತ ಅದರಲ್ಲೇ ಹೇಳಿದೆ. ನನಗೆ ಇಷ್ಟವಾಗೋದು ಏನಂದರೆ ಅಲ್ಲಿ ಯಾರೂ ಯಾರ ದೇವರನ್ನೂ ಪೂಜೆ ಮಾಡುತ್ತಿಲ್ಲ. ಒಬ್ಬರ ವ್ರತಕ್ಕೆ ಇನ್ನೊಬ್ಬರು ಜಾಗ ಬಿಟ್ಟಿದ್ದಾರೆ.

ಬಿಡಿಹಾಳೆ:

ಎಲ್ಲರಿಗೂ ಥ್ಯಾಂಕ್ಸ್. ಪ್ರಬಂಧ ಸ್ಪರ್ಧೆ ಬೇಡ ಅಂತ ಹೇಳಿದ್ದೇನೆ. ಅದರ ಬದಲು ಮಕ್ಕಳಿಗೆ ಒಂದು ಹಾಳೆ ಕೊಟ್ಟು 'ಇದರಲ್ಲಿ ಮೊದಲು ಏನಾಯಿತು, ಆಮೇಲೆ ಏನಾಯಿತು ಹುಡುಕಿ' ಅನ್ನೋಣ ಅಂತ. ಇಂದ್ರಜಿತುವಿನ ಹಾಳೆ ಕೊಡಲಾ? ಹಾಗೇ ಡಿಸೆಂಬರ್ ಪ್ರವಾಸಕ್ಕೆ ಮೈಸೂರಿಗೆ ಬರುತ್ತೇವೆ, ನಲವತ್ತು ಮಕ್ಕಳು. ನಿಮ್ಮ ಕೆಲಸದ ಜಾಗ ನೋಡಬಹುದಾ ಸರ್?

ಬೀಟೆಮರ:

ಒಂಬತ್ತನೇ ಕ್ಲಾಸಿಗೆ ಇಂದ್ರಜಿತು ಸ್ವಲ್ಪ ಕಷ್ಟ. ಮೊದಲು ಕುಂಭಕರ್ಣನನ್ನು ಎಬ್ಬಿಸುವ ಹಾಳೆ ಕೊಡಿ, ಅದೂ ಸಾಹಿಬ್‌ದೀನನದೇ. ಬೆಟ್ಟದಂಥ ಮೈ, ಸುತ್ತ ತಮಟೆ, ಆನೆ, ಊಟದ ರಾಶಿ. ಮಕ್ಕಳು ನಗುತ್ತಾ ಹುಡುಕುತ್ತಾರೆ.

ಡಿಸೆಂಬರ್‌ನಲ್ಲಿ ಬನ್ನಿ ಮೇಡಂ, ದಸರಾ ಆರ್ಡರ್ ಎಲ್ಲ ಮುಗಿದಿರುತ್ತೆ. ನಲವತ್ತು ಜನ ಒಟ್ಟಿಗೆ ಒಳಗೆ ಹಿಡಿಸಲ್ಲ, ಹತ್ತತ್ತು ಜನ ಕಳಿಸಿ. ಶುಕ್ರವಾರ ಮಧ್ಯಾಹ್ನ ಒಂದು ಬಿಟ್ಟು.